ಹಗರಿಬೊಮ್ಮನಹಳ್ಳಿಯ ಆರೋಗ್ಯವಂತ ಹೃದಯಗಳು

ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ನಾನು ಹಗರಿಬೊಮ್ಮನಹಳ್ಳಿಯ ಒಂದು ಸಣ್ಣ ಖಾಸಗಿ ಆಸ್ಪತ್ರೆಗೆ ಸೇರಿದೆ. ನನ್ನ ಜೊತೆ ಎರಡು ಸಾಮಾನು ಬಂದವು. ಒಂದು ಬಟ್ಟೆಯ ಸೂಟ್‌ಕೇಸು. ಇನ್ನೊಂದು ಅವ್ವನ ಹಳೆಯ ಸೀರೆಗಳಲ್ಲಿ ಸುತ್ತಿ, ಟೆಂಪೋದಲ್ಲಿ ಮಲಗಿಸಿಕೊಂಡು ತಂದ ಸ್ಕ್ಯಾನಿಂಗ್ ಮಿಷನ್.

ಆ ಮಿಷನ್ ನನ್ನ ಗುರುಗಳು ಕೊಟ್ಟದ್ದು. ಓದು ಮುಗಿದ ಮೇಲೆ ದೂರದ ದೊಡ್ಡ ಆಸ್ಪತ್ರೆಯೊಂದರ ತುರ್ತು ಚಿಕಿತ್ಸೆಯ ವಾರ್ಡಿನಲ್ಲಿ ಅವರ ಕೈಕೆಳಗೆ ಕೆಲಸ ಮಾಡಿದ್ದೆ. ಆಗೆಲ್ಲ ಸ್ಕ್ಯಾನಿಂಗ್ ಎಂದರೆ ಬೇರೆ ಕೋಣೆ, ಬೇರೆ ಡಾಕ್ಟರು; ರೋಗಿಯನ್ನು ಸ್ಟ್ರೆಚರ್ ಮೇಲೆ ತಳ್ಳಿಕೊಂಡು ಅಲ್ಲಿಗೇ ಹೋಗಬೇಕು. ಗುರುಗಳಿಗೆ ಅದು ಒಪ್ಪಿಗೆಯಾಗುತ್ತಿರಲಿಲ್ಲ. "ನಾಡಿ ಸಿಗದವನು ಮಿಷನ್ ಹತ್ತಿರ ಯಾಕೆ ಹೋಗಬೇಕು? ಮಿಷನ್ನೇ ಅವನ ಮಂಚದ ಹತ್ತಿರ ಬರಲಿ" ಎನ್ನುತ್ತಿದ್ದರು. ನಾನು ಊರ ಕಡೆ ಹೊರಟಾಗ ಅವರ ವಿಭಾಗಕ್ಕೆ ಹೊಸ ಮಿಷನ್ ಬಂದಿತ್ತು. ಹಳೆಯದನ್ನು ನನಗೆ ಒಪ್ಪಿಸಿ ಒಂದು ಪ್ರಶ್ನೆಯನ್ನೂ ಕೊಟ್ಟರು. ರಕ್ತದೊತ್ತಡ ಬಿದ್ದು, ಕೈಕಾಲು ತಣ್ಣಗಾಗಿ ಬಂದ ರೋಗಿಯ ಪಕ್ಕದಲ್ಲೇ ನಿಂತು ಮಿಷನ್ ಹಿಡಿದರೆ, ಅವನಿಗೆ ಏನಾಗಿದೆ ಎಂದು ಸಣ್ಣ ಊರಿನ ಸಾಮಾನ್ಯ ಡಾಕ್ಟರು ಹೇಳಬಲ್ಲರೇ? ಹೇಳಿದರೆ ಅದರಿಂದ ಜೀವ ಉಳಿಸುವ ಕೆಲಸಕ್ಕೆ ಸಹಾಯವಾಗುತ್ತದೆಯೇ? ಅದು ನನ್ನ ಸಂಶೋಧನೆ. ನನ್ನ ಅಪ್ಪ ಕೊಟ್ಟೂರಿನಲ್ಲಿ ಕಿರಾಣಿ ಅಂಗಡಿ ಇಟ್ಟವರು. "ಸಂಶೋಧನಿ ಅಂದ್ರ ಲ್ಯಾಬಿನ್ಯಾಗ ಮಾಡ್ತಾರ ಅಂದ್ಕೊಂಡಿದ್ದೆ. ಹಗರಿಬೊಮ್ಮನಹಳ್ಳ್ಯಾಗ ಏನ್ ಸಂಶೋಧನಿ ಮಾಡ್ತಿ?" ಎಂದು ನಕ್ಕು ಕೇಳಿದ್ದರು.

ಆಸ್ಪತ್ರೆ ನಡೆಸುತ್ತಿದ್ದ ಹಿರಿಯ ಡಾಕ್ಟರು ಇನ್ನೂ ಜೋರಾಗಿ ನಕ್ಕರು. ಅರವತ್ತು ದಾಟಿದ ಎತ್ತರದ ಮನುಷ್ಯ. ಬೆರಳಿನಿಂದ ರೋಗಿಯ ಎದೆಯನ್ನು ಟಕಟಕ ಬಡಿದು, ಸದ್ದಿನ ಮೇಲೆಯೇ ಒಳಗೇನಿದೆ ಎಂದು ಹೇಳುವುದನ್ನು ಕಲಿತ ತಲೆಮಾರಿನವರು.

"ಏನವ್ವಾ, ಟೀವಿ ತಂದೀಯಂತ! ಕ್ರಿಕೆಟ್ ಬರ್ತೈತೇನು ಅದ್ರಾಗ?"

"ಇಲ್ಲ ಸರ್. ಒಂದ ಚಾನೆಲ್. ಎದಿಯೊಳಗಿಂದು ಮಾತ್ರ."

"ಆಯ್ತಾಯ್ತು, ಇಡು. ಕರೆಂಟ್ ಇದ್ದಾಗ ನೀ ನೋಡು, ಇಲ್ಲದಾಗ ನಾ ನೋಡ್ತೀನಿ."

ಮಿಷನ್ನನ್ನು ಸರ್ಕಾರಿ ಕಚೇರಿಯಲ್ಲಿ ನೋಂದಣಿ ಮಾಡಿಸಿ, ಇಲ್ಲಿ ಹುಟ್ಟುವ ಕೂಸು ಗಂಡೋ ಹೆಣ್ಣೋ ಎಂದು ನೋಡುವುದಿಲ್ಲ ಎಂಬ ಬೋರ್ಡು ಗೋಡೆಗೆ ಹಾಕಿದ ಮೇಲೆಯೇ ನಾವು ಅದರ ಸೀರೆ ಬಿಚ್ಚಿದ್ದು. ಚಕ್ರದ ಟ್ರಾಲಿಯ ಮೇಲೆ ಅದು ಕೂತಿತು. ಕೆಳಗಿನ ಹಲಗೆಯ ಮೇಲೆ ಬ್ಯಾಟರಿ, ಪಕ್ಕದಲ್ಲಿ ಚಿತ್ರ ರೆಕಾರ್ಡ್ ಮಾಡಲು ಒಂದು ವಿಸಿಆರ್. ತಳ್ಳಿದರೆ ಒಂದು ಚಕ್ರ ಕುಂಯ್ ಕುಂಯ್ ಎನ್ನುತ್ತಿತ್ತು.

ಕೆಲಸ ಶುರು ಮಾಡುವ ಮೊದಲು ಗುರುಗಳು ಒಂದು ಕಟ್ಟಪ್ಪಣೆ ಮಾಡಿದ್ದರು. "ಕೆಟ್ಟ ಹೃದಯ ಗುರುತು ಹಿಡಿಯಬೇಕಾದರೆ ಮೊದಲು ಒಳ್ಳೆಯ ಹೃದಯ ನೋಡು. ಬೇಸರ ಬರುವವರೆಗೂ ನೋಡು. ಎಲ್ಲವನ್ನೂ ಕ್ಯಾಸೆಟ್ ಮಾಡಿ ನನಗೆ ಕಳಿಸು. ಬೇಸರ ಬಂದ ದಿನ ಫೋನ್ ಮಾಡು, ಆಮೇಲೆ ರೋಗಿಗಳನ್ನು ಮುಟ್ಟುವಿಯಂತೆ."

ಆದರೆ ಆಸ್ಪತ್ರೆಗೆ ಆರೋಗ್ಯವಂತರು ಯಾಕೆ ಬರುತ್ತಾರೆ?

ಮೊದಲು ಸಿಕ್ಕವರು ನಮ್ಮ ಸಿಸ್ಟರ್. ಹಡಗಲಿ ತಾಲ್ಲೂಕಿನ ಇಟ್ಟಿಗಿಯವರು, ಮಾತಿನ ಮಲ್ಲಿ. ನಾನು ಕೇಳಿದ್ದಕ್ಕೆ ಗಾಬರಿಯಾಗಿ ಎದೆಯ ಮೇಲೆ ಕೈಯಿಟ್ಟುಕೊಂಡರು.

"ನಂದ್ಯಾಕ್ರೀ ಮೇಡಂ? ನನಗೇನಾಗೈತಿ?"

"ಏನೂ ಆಗಿಲ್ಲ. ಅದಕ್ಕ ಬೇಕಾಗೈತಿ."

ಮಲಗಿದರು. ತಣ್ಣನೆಯ ಜೆಲ್ ಹಚ್ಚಿ, ಸ್ಕ್ಯಾನಿಂಗಿನ ಹಿಡಿಕೆಯನ್ನು ಎದೆಗೂಡಿನ ಕೆಳಗೆ ಒತ್ತಿದೆ. ಬೂದು ಬಣ್ಣದ ಪರದೆಯ ಮೇಲೆ ಅವರ ಹೃದಯ ಕಾಣಿಸಿತು. ನಾಲ್ಕು ಕೋಣೆ, ಗಾಳಿಗೆ ಅಲುಗಾಡುವ ಎಳೆಯ ಎಲೆಯಂಥ ಕವಾಟಗಳು. ಸಿಸ್ಟರ್ ಕತ್ತು ಹೊರಳಿಸಿ ನೋಡಿದರು.

"ಇದು ನಂದ?"

"ನಿಮ್ದ."

"ಎಷ್ಟ್ ಛಂದ ಐತಲ್ಲ್ರೀ!"

ಆಮೇಲೆ ಊರಿಗೆಲ್ಲ ಡಂಗುರ ಸಾರಿದವರು ಅವರೇ. ಆಸ್ಪತ್ರೆಯ ಎದುರಿಗೆ ಮಿರ್ಚಿ ಮಂಡಕ್ಕಿಯ ಗಾಡಿ ಇಟ್ಟಿದ್ದ ಹೆಂಗಸು ಮಾರನೆಯ ದಿನವೇ ಬಂದಳು. ಎಣ್ಣೆಯ ಕೈ ಒರೆಸಿಕೊಳ್ಳುತ್ತ, "ನಂದೂ ತೋರಸ್ರಿ, ಒಲಿ ಆರಸಿ ಬಂದೀನಿ" ಎಂದಳು. ನೋಡಿ, ಗಲ್ಲಕ್ಕೆ ಕೈಯಿಟ್ಟುಕೊಂಡಳು.

"ನಾ ಮಲಗಿದ್ರೂ ಇದು ಹಿಂಗ ಬಡ್ಕೊಂತಿರ್ತೈತೇನ್ರಿ?"

"ಹೌದವ್ವಾ, ಒಂದ್ ಗಳಿಗಿ ಬಿಡುವಿಲ್ಲ."

"ಯವ್ವಾ! ನನಗಿಂತ ಹೆಚ್ಚಿಗಿ ದುಡಿಯಾಕತ್ತೈತಲ್ಲ! ನಾನ ಬಾಳ ದುಡಿತೀನಿ ಅಂದ್ಕೊಂಡಿದ್ದೆ."

ಬಸ್ ಸ್ಟ್ಯಾಂಡಿನ ಹಮಾಲರು ಬಂದರು. ನಿವೃತ್ತ ಮೇಷ್ಟ್ರೊಬ್ಬರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಫೋಟೋ ತೆಗೆಸಿಕೊಳ್ಳುವವರ ಹಾಗೆ ಕೂದಲು ಬಾಚಿಕೊಂಡು ಬಂದರು. ಸಂತೆಯ ದಿನ ತಂಬ್ರಹಳ್ಳಿ ಕಡೆಯ ಒಕ್ಕಲಿನವರು ಸಂತೆಚೀಲವನ್ನು ಮಂಚದ ಕೆಳಗಿಟ್ಟು ಮಲಗಿದರು. ನಾನು ಪ್ರತಿಯೊಬ್ಬರಿಗೂ ಹೇಳುತ್ತಿದ್ದೆ: ಇದು ಕಲಿಯುವುದಕ್ಕೆ, ನಿಮಗೆ ಇಷ್ಟವಿದ್ದರೆ ಮಾತ್ರ, ಚಿತ್ರದ ಮೇಲೆ ನಿಮ್ಮ ಹೆಸರು ಇರುವುದಿಲ್ಲ. ಹೆಸರು ಇಲ್ಲ ಎಂದಾಗ ಬೇಜಾರು ಮಾಡಿಕೊಂಡವರೇ ಹೆಚ್ಚು. ಬೇಸಿಗೆ ಏರಿದಂತೆ, ತಣ್ಣನೆಯ ಜೆಲ್ಲಿನ ಆಸೆಗೇ ಎರಡನೆಯ ಸಲ ಬಂದವರೂ ಇದ್ದರು. ಹೊಸದಾಗಿ ಮದುವೆಯಾದ ಹುಡುಗನೊಬ್ಬ ಅಂಗಿಯ ಗುಂಡಿ ಬಿಚ್ಚುವ ಮೊದಲು ಮೆಲ್ಲಗೆ ಕೇಳಿದ.

"ಮನಸಿನ್ಯಾಗ ಇರೋದೂ ಕಾಣ್ತೈತೇನ್ರಿ?"

"ಕಾಣ್ತೈತಿ. ಅದಕ್ಕ ನಿನ್ ಹೆಂಡ್ತೀನ್ನ ಹೊರಗ ಕುಂದ್ರಿಸೀನಿ" ಎಂದರು ಸಿಸ್ಟರ್.

ಹಿರಿಯ ಡಾಕ್ಟರು ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದರು. ಒಂದು ದಿನ ತಡೆಯಲಾರದೆ ಒಳಗೆ ಬಂದರು. ಮಂಚದ ಮೇಲಿದ್ದ ಹಮಾಲನ ಎದೆಯನ್ನು ಬೆರಳಿನಿಂದ ಬಡಿಯುತ್ತ ಹೋಗಿ, ಜೇಬಿನ ಪೆನ್ನಿನಿಂದ ಅವನ ಚರ್ಮದ ಮೇಲೆ ಒಂದು ಗೆರೆ ಎಳೆದು, "ಹೃದಯದ ಎಡಗಡಿ ಅಂಚು ಇಲ್ಲಿಗೆ ಮುಗೀತೈತಿ. ನೋಡು ನಿನ್ ಟೀವಿಯೊಳಗ" ಎಂದರು. ನೋಡಿದೆ. ಅಲ್ಲಿಗೇ ಮುಗಿದಿತ್ತು. ಅವರ ಮುಖ ಅರಳಿದ್ದನ್ನು ನೋಡಬೇಕಿತ್ತು! ಅಂದಿನಿಂದ ಇದೊಂದು ಆಟವಾಯಿತು. ಅವರು ಗೆರೆ ಎಳೆಯುವುದು, ನಾನು ಪರೀಕ್ಷಿಸುವುದು. ಅವರದು ತಪ್ಪಿದ ದಿನ ನನಗೆ ಚಹಾ, ಸರಿಯಾದ ದಿನ ಅವರಿಗೆ. ನಾನೇ ಹೆಚ್ಚು ಸಲ ಚಹಾ ತರಿಸಿದೆ. ನಡುನಡುವೆ ಅವರು ಸೋತಾಗ ಪರದೆಯ ಹತ್ತಿರ ಕನ್ನಡಕ ತಂದು, "ಹಂಗಾದ್ರ ಇದೇನು? ಇದು ಯಾಕ ಹಿಂಗ ಕಾಣ್ತೈತಿ?" ಎಂದು ಕಾಲೇಜಿಗೆ ಹೊಸದಾಗಿ ಸೇರಿದವರ ಹಾಗೆ ಕೇಳುತ್ತಿದ್ದರು.

ಕ್ಯಾಸೆಟ್ಟುಗಳು ಕೊರಿಯರಿನಲ್ಲಿ ಹೋಗುತ್ತಿದ್ದವು. ಗುರುಗಳು ನೋಡಿ ಫೋನ್ ಮಾಡುತ್ತಿದ್ದರು.

"ಬೇಸರ ಬಂತೇನಮ್ಮಾ?"

"ಇಲ್ಲ ಸರ್."

"ಹಾಗಾದರೆ ಇನ್ನೂ ನೋಡು."

ನನಗೆ ಕೊನೆಗೂ ಬೇಸರ ಬರಲಿಲ್ಲ. ಅವರೇ ಸೋತು, ರೋಗಿಗಳನ್ನು ನೋಡಲು ಅಪ್ಪಣೆ ಕೊಟ್ಟರು. ಆದರೆ ಇನ್ನೊಂದು ಕೆಲಸ ಹಚ್ಚಿದರು. ಹೃದಯದ ಸುತ್ತ ತೆಳ್ಳನೆಯ ಚೀಲವೊಂದಿರುತ್ತದೆ. ಒಮ್ಮೊಮ್ಮೆ ಕಾಯಿಲೆಯಿಂದ ಆ ಚೀಲದಲ್ಲಿ ನೀರು ತುಂಬುತ್ತದೆ. ಹೃದಯ ಗಟ್ಟಿಯಾಗಿಯೇ ಇರುತ್ತದೆ, ಅರಳುವುದಕ್ಕೆ ಜಾಗ ಮಾತ್ರ ಇರುವುದಿಲ್ಲ. ಅಂಥ ರೋಗಿ ಬಂದರೆ, ಪರದೆ ನೋಡುತ್ತ ಸೂಜಿ ಹಾಕಿ ನೀರು ತೆಗೆಯಬೇಕು. "ಅದನ್ನು ಮನುಷ್ಯರ ಮೇಲೆ ಕಲಿಯಬೇಡ. ಏನಾದರೂ ಮಾಡಿಕೊಂಡು ಕಲಿ" ಎಂದರು. ಕುರಿಯ ಹೃದಯ ತಂದು ಅಭ್ಯಾಸ ಮಾಡುವವರೂ ಇದ್ದಾರಂತೆ. ಲಿಂಗಪೂಜೆ ಮಾಡದೆ ನೀರೂ ಮುಟ್ಟದ ನಮ್ಮ ಅವ್ವನ ಮನೆಯಲ್ಲಿ ಆ ಮಾತು ಎತ್ತುವ ಹಾಗೆಯೇ ಇರಲಿಲ್ಲ.

ಒಂದು ಭಾನುವಾರ ಕೊಟ್ಟೂರಿಗೆ ಹೋಗಿ ಅಪ್ಪನ ಅಂಗಡಿಯಿಂದ ಜೆಲ್ಲಿ ಮಾಡುವ ಚೈನಾ ಗ್ರಾಸ್, ಬಲೂನು ಮತ್ತು ಒಂದು ಪಿಂಗ್‌ಪಾಂಗ್ ಚೆಂಡು ತಂದೆ. ಬಲೂನಿನೊಳಗೆ ಚೆಂಡು ತೂರಿಸಿ ನೀರು ತುಂಬಿದೆ. ಚೆಂಡು ಹೃದಯ, ಬಲೂನು ಚೀಲ. ಚೈನಾ ಗ್ರಾಸನ್ನು ಗಟ್ಟಿಯಾಗಿ ಕುದಿಸಿ, ತುಸು ಆರಿದ ಮೇಲೆ ಬಲೂನಿನ ಸುತ್ತ ಸುರಿದರೆ ಅದೇ ಎದೆಯ ಮಾಂಸ. ಅವ್ವ ಸೆರಗು ಸಿಕ್ಕಿಸಿಕೊಂಡು ಬಂದು ನಿಂತಳು.

"ಏನ ಇದು? ಹಲ್ವಾನಾ?"

"ಅಲ್ಲಬೇ, ಎದಿ."

"ತಿನ್ನಾಕಲ್ಲಂದ್ರ ನನ್ ಪಾತ್ರಿ ಯಾಕ ಹಾಳ ಮಾಡ್ತಿ?"

ಹಾಗೆನ್ನುತ್ತಲೇ ಪಾತ್ರೆಯನ್ನು ಕಸಿದುಕೊಂಡಳು, ಏಕೆಂದರೆ ನನ್ನದು ಗಂಟುಗಂಟಾಗಿತ್ತು. ಅವ್ವ ಕೈಯಾಡಿಸಿದ ಮೇಲೆ ಅದು ಕನ್ನಡಿಯಷ್ಟು ನಯವಾಯಿತು. ಸೂಜಿಗೆ ನೀರು ಬಂದದ್ದು ಗೊತ್ತಾಗಲಿ ಎಂದು ಬಲೂನಿನೊಳಗೆ ಅರಿಷಿಣ ಹಾಕುವ ಉಪಾಯವೂ ಅವಳದೇ. ಸೋಮವಾರ ಬೆಳಿಗ್ಗೆ ಆ ಸ್ಟೀಲಿನ ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ಕೂತೆ. ನನ್ನನ್ನು ಬಲ್ಲ ಕಂಡಕ್ಟರು ಕೇಳಿದ.

"ಏನ್ರಿ ಡಾಕ್ಟರಮ್ಮಾ, ಡಬ್ಬ್ಯಾಗ?"

"ಹೃದಯ."

ಆತ ಒಂದು ಕ್ಷಣ ನನ್ನ ಮುಖ ನೋಡಿ, ಟಿಕೆಟ್ ಹರಿದುಕೊಟ್ಟು, ಹಿಂದಿನ ಸೀಟಿನವರಿಗೆ "ಡಾಕ್ಟರಮ್ಮಾರನ್ನ ತಳ್ಳಬ್ಯಾಡ್ರಿ, ಸೂಕ್ಷ್ಮ ಸಾಮಾನು ಐತಿ" ಎಂದು ಹೇಳಿ ಹೋದ.

ಪ್ರತಿ ಭಾನುವಾರ ಅವ್ವ ಒಂದು ಎದೆ ತಯಾರಿಸುತ್ತಿದ್ದಳು. ಸಿಸ್ಟರ್ ಮಿಷನ್ ಹಿಡಿಯುತ್ತಿದ್ದರು, ನಾನು ಸೂಜಿ. ಮೊದಮೊದಲು ಚೆಂಡಿಗೇ ಚುಚ್ಚುತ್ತಿದ್ದೆ. "ಸತ್ತ" ಎನ್ನುತ್ತಿದ್ದರು ಸಿಸ್ಟರ್. ನಿಧಾನಕ್ಕೆ ಕೈ ಕಣ್ಣಿನ ಮಾತು ಕೇಳತೊಡಗಿತು. ಪರದೆಯ ಮೇಲೆ ಸೂಜಿಯ ಬಿಳಿ ಚುಕ್ಕೆ ಕಪ್ಪು ನೀರಿಗೆ ಇಳಿದು ನಿಲ್ಲುತ್ತಿತ್ತು, ಸಿರಿಂಜಿಗೆ ಅರಿಷಿಣದ ನೀರು ಬರುತ್ತಿತ್ತು.

ಮಳೆಗಾಲ ಮುಗಿದಿತ್ತು. ಒಂದು ಬೆಳಿಗ್ಗೆ ಹೊರರೋಗಿಗಳ ಸಾಲು ತುಂಬಿದ್ದಾಗ ಟ್ರ್ಯಾಕ್ಸ್ ಗಾಡಿಯೊಂದು ಬಾಗಿಲಿಗೆ ಬಂತು. ತಂಬ್ರಹಳ್ಳಿ ಕಡೆಯ ಕುರಿ ಸಾಕುವ ಮನೆಯ ಹೆಂಗಸು. ನಲವತ್ತರ ಆಸುಪಾಸು. ಗಂಡ ಹೆಗಲ ಮೇಲಿನ ಕಂಬಳಿಯನ್ನು ಅವಳಿಗೆ ಹೊದಿಸಿ, ಕೂಸನ್ನು ಎತ್ತಿದ ಹಾಗೆ ಎತ್ತಿಕೊಂಡು ಬಂದ. ತಿಂಗಳಿಂದ ದಮ್ಮು, ಕಾಲು ಬಾವು. ಎಲ್ಲೆಲ್ಲೋ ಉಬ್ಬಸದ ಔಷಧಿ ಕೊಟ್ಟಿದ್ದರಂತೆ. ಅವಳಿಗೆ ಮಲಗಲು ಆಗುತ್ತಿರಲಿಲ್ಲ, ಮಾತು ಅರ್ಧಕ್ಕೇ ನಿಲ್ಲುತ್ತಿತ್ತು. ಕೈ ತಣ್ಣಗೆ, ರಕ್ತದೊತ್ತಡ ಸಿಕ್ಕೂ ಸಿಗದ ಹಾಗೆ.

ಹಿರಿಯ ಡಾಕ್ಟರು ಅವಳ ಮಣಿಕಟ್ಟು ಹಿಡಿದು ಕಣ್ಣು ಮುಚ್ಚಿದರು.

"ಉಸಿರು ಒಳಗ ತಗೊಂಡಾಗೊಮ್ಮೆ ನಾಡಿ ಮಾಯ ಆಗಾಕತ್ತೈತಿ. ಕುತ್ತಿಗಿ ನರ ನೋಡು, ಹಗ್ಗ ಆದಂಗ ಆಗ್ಯಾವ. ಎದಿ ಸಪ್ಪಳ ಎಲ್ಲೋ ಬಾವ್ಯಾಗಿಂದ ಕೇಳಿದಂಗ ಐತಿ." ಕಣ್ಣು ತೆರೆದು ನನ್ನ ಕಡೆ ತಿರುಗಿದರು. "ನಿನ್ ಟೀವಿ ತಗೊಂಡ್ ಬಾ. ಲಗೂನ."

ಸಿಸ್ಟರ್ ಟ್ರಾಲಿ ತಳ್ಳಿಕೊಂಡು ಓಡಿ ಬಂದರು. ಹಿಡಿಕೆ ಇಟ್ಟೆ. ಇಷ್ಟು ತಿಂಗಳಲ್ಲಿ ನೋಡಿದ ಯಾವ ಹೃದಯದ ಹಾಗೂ ಅದು ಇರಲಿಲ್ಲ. ಸುತ್ತಲೂ ಕಪ್ಪು ನೀರು. ನಡುವೆ ಸಣ್ಣ ಹೃದಯ ತೊಟ್ಟಿಲಿನಂತೆ ತೂಗಾಡುತ್ತಿತ್ತು. ಬಲಗಡೆಯ ಕೋಣೆ ಅರಳಲು ಹೋದಾಗಲೆಲ್ಲ ನೀರಿನ ಭಾರಕ್ಕೆ ಒಳಗೆ ಕುಸಿಯುತ್ತಿತ್ತು. ಯಾರೂ ನನಗೆ ವಿವರಿಸಬೇಕಾಗಲಿಲ್ಲ. ಮಿರ್ಚಿ ಗಾಡಿಯವಳದು, ಹಮಾಲರದು, ಮೇಷ್ಟ್ರದು, ಎಲ್ಲರ ಹೃದಯವೂ ನನ್ನ ಕಣ್ಣೊಳಗಿತ್ತು. ಇದು ಅವರದರ ಹಾಗಿಲ್ಲ ಎಂದು ಒಂದೇ ನೋಟಕ್ಕೆ ತಿಳಿಯಿತು.

"ಬಳ್ಳಾರಿಗೆ ಕಳಸೋಣೇನ್ರಿ ಸರ್?"

"ದಾರಿ ತಡಿಯಂಗಿಲ್ಲ ಈಕಿ. ನಿನ್ ಕೈಯಾಗಿನ ಕೆಲಸ ಇದು. ಮಾಡು, ನಾ ಇಲ್ಲೇ ಅದೀನಿ."

ಗಂಡನಿಗೆ ಪರದೆ ತೋರಿಸಿ ಹೇಳಿದೆ. ಎದೆಯ ಸುತ್ತ ನೀರು ನಿಂತಿದೆ, ಸೂಜಿಯಿಂದ ತೆಗೆಯಬೇಕು, ಅಪಾಯ ಇದೆ, ಸುಮ್ಮನಿದ್ದರೆ ಇನ್ನೂ ದೊಡ್ಡ ಅಪಾಯ. ಆತ ಸೊಂಟದ ಚೀಲದಿಂದ ಮೈಲಾರದ ದೇವರ ಭಂಡಾರದ ಅರಿಷಿಣ ತೆಗೆದು ಹೆಂಡತಿಯ ಹಣೆಗೆ ಹಚ್ಚಿದ. ನನ್ನ ಕಡೆ ನೋಡಿ, "ಮಾಡ್ರಿ ತಾಯಿ" ಎಂದ. ಆಮೇಲೆ ಒಂದು ಚಿಟಿಕೆಯನ್ನು ಮಿಷನ್ನಿನ ನೆತ್ತಿಗೂ ಹಚ್ಚಿದ. ಸಿಸ್ಟರ್ ಅದನ್ನು ಒರೆಸದೆ ಸೂಜಿಯ ತಟ್ಟೆ ತಂದಿಟ್ಟರು.

ಅವಳನ್ನು ಒರಗಿ ಕೂರಿಸಿ, ನೋವು ಗೊತ್ತಾಗದಂತೆ ಚುಚ್ಚುಮದ್ದು ಕೊಟ್ಟು, ಎದೆಗೂಡಿನ ಕೆಳಗಿನಿಂದ ಸೂಜಿ ಇಳಿಸಿದೆ. ಪರದೆಯ ಮೇಲೆ ಬಿಳಿ ಚುಕ್ಕೆ ಕಪ್ಪಿನೊಳಗೆ ಬಂತು. ಸಿರಿಂಜಿಗೆ ತಿಳಿಗೆಂಪು ನೀರು ಬಂತು. ಇದು ಹೃದಯದೊಳಗಿನ ರಕ್ತವೋ, ಚೀಲದ ನೀರೋ? ಗುರುಗಳು ಹೇಳಿಕೊಟ್ಟಿದ್ದ ಹಾಗೆ ಸ್ವಲ್ಪ ಸಲೈನನ್ನು ಕುಲುಕಿ, ಸಣ್ಣ ಗುಳ್ಳೆ ಎಬ್ಬಿಸಿ ಒಳಗೆ ಬಿಟ್ಟೆ. ಹೃದಯದ ಹೊರಗಿನ ಕಪ್ಪಿನಲ್ಲಿ ಬಿಳಿ ಚುಕ್ಕೆಗಳು ಅಮಾವಾಸ್ಯೆಯ ಆಕಾಶದ ಚಿಕ್ಕೆಗಳ ಹಾಗೆ ಚೆಲ್ಲಿದವು. ಹೃದಯದೊಳಗೆ ಒಂದೂ ಇಲ್ಲ. ಸೂಜಿ ಸರಿಯಾದ ಜಾಗದಲ್ಲಿತ್ತು.

"ತಗಿ, ತಗಿ" ಎಂದರು ಹಿರಿಯರು, ಮಣಿಕಟ್ಟು ಬಿಡದೆ. ಮೊದಲ ಸಿರಿಂಜು, ಎರಡನೆಯದು. "ನಾಡಿ ಬಂತು." ಇನ್ನೊಂದು. "ತುಂಬಿ ಬರಾಕತ್ತೈತಿ ನೋಡು!" ಅವರ ದನಿ ಏರಿತು. ಪರದೆಯ ಮೇಲೆ ಕುಸಿಯುತ್ತಿದ್ದ ಕೋಣೆ ಮೊದಲು ಅನುಮಾನಿಸುತ್ತ, ಆಮೇಲೆ ಪೂರ್ತಿ ಅರಳಿತು. ಜೀವ ಹಿಂದಿರುಗಿದ್ದನ್ನು ಮುಖದಲ್ಲಿ ನೋಡುವುದಕ್ಕಿಂತ ಮೊದಲು ನಾನು ಪರದೆಯಲ್ಲಿ ನೋಡಿದೆ.

ಹೆಂಗಸು ಉದ್ದನೆಯ ಉಸಿರು ಬಿಟ್ಟು, ಕಣ್ಣು ಬಿಟ್ಟು, ಗಂಡನನ್ನು ಹುಡುಕಿದಳು.

"ಕುರಿ ಯಾರ ಹಂತ್ಯಾಕ ಬಿಟ್ ಬಂದಿ?"

"ತಮ್ಮನ ಹಂತ್ಯಾಕ."

"ಅಂವಗ ಏನ್ ತಿಳೀತೈತಿ! ನಡಿ ಮನಿಗೆ."

ಆ ಗಂಡಸು ಕಂಬಳಿಯಲ್ಲಿ ಮುಖ ಮುಚ್ಚಿಕೊಂಡು ಅಳುತ್ತ ನಗುತ್ತ ನಿಂತ. ಹಿರಿಯ ಡಾಕ್ಟರು ನನ್ನ ತಲೆಯ ಮೇಲೆ ಒಮ್ಮೆ ಕೈಯಿಟ್ಟು, ಹೊರರೋಗಿಗಳ ಕಡೆಗೆ ಹೋದರು. ಸಿಸ್ಟರ್ ಮಾತ್ರ ವಾರ್ಡಿನವರಿಗೆಲ್ಲ ಕೇಳುವಂತೆ ಕಥೆ ಶುರು ಮಾಡಿಯೇ ಬಿಟ್ಟಿದ್ದರು.

ಅಂದು ಸಂಜೆ ಅವ್ವನಿಗೆ ಫೋನ್ ಮಾಡಿದೆ. ಎಲ್ಲವನ್ನೂ ಕೇಳಿಸಿಕೊಂಡು ಅವಳು ಒಂದೇ ಮಾತು ಕೇಳಿದಳು. "ಆಕಿ ಉಂಡ್ಲಾ?" ಉಂಡಿದ್ದಳು. ಎರಡು ರೊಟ್ಟಿ ತಿಂದು ಮೂರನೆಯದಕ್ಕೆ ಸಿಸ್ಟರ್ ಜೊತೆ ಜಗಳಕ್ಕೆ ನಿಂತಿದ್ದಳು.

ಮರುದಿನ ಅವಳನ್ನು, ನೀರು ಮತ್ತೆ ತುಂಬದಂತೆ ಸೂಜಿಯ ಜಾಗದಲ್ಲಿ ಬಿಟ್ಟಿದ್ದ ನಳಿಕೆಯ ಸಮೇತ, ಬಳ್ಳಾರಿಗೆ ಕಳಿಸಿದೆವು. ಅಲ್ಲಿ ಅದು ಟಿ.ಬಿ.ಯಿಂದ ತುಂಬಿದ ನೀರು ಎಂದು ತಿಳಿಯಿತು. ತಿಂಗಳುಗಟ್ಟಲೆ ಮಾತ್ರೆ ನುಂಗಬೇಕಾಯಿತು. ಒಂದು ದಿನವೂ ತಪ್ಪದಂತೆ ಗಂಡ ಎದುರು ಕೂತು ನುಂಗಿಸಿದನಂತೆ.

ಮುಂದಿನ ಎರಡು ವರ್ಷ ನಾನು ಆ ಟ್ರಾಲಿಯ ಹಿಂದೆಯೇ ಇದ್ದೆ. ಪ್ರತಿ ಸಲವೂ ಹೀಗೆ ಹಬ್ಬವಾಗಲಿಲ್ಲ. ಹೊಟ್ಟೆಯಲ್ಲಿ ಗಾಳಿ ತುಂಬಿದವರಲ್ಲಿ ಏನೂ ಕಾಣುತ್ತಿರಲಿಲ್ಲ, ಕೆಲವರಿಗೆ ಕಂಡರೂ ನಮ್ಮ ಕೈಯಲ್ಲಿ ಏನೂ ಇರುತ್ತಿರಲಿಲ್ಲ. "ಕಾಣದ್ದನ್ನೂ ಬರಿ. ಬರೇ ಗೆದ್ದಿದ್ದ ಬರದ್ರ ಅದು ಜಾಹೀರಾತು ಆಗ್ತೈತಿ" ಎಂದು ಹಿರಿಯರು ಬೈದರು. ಬರೆದೆ. ಬೆಂಗಳೂರಿನ ಸಭೆಯೊಂದರಲ್ಲಿ ಅದನ್ನು ಓದಿದಾಗ ಒಬ್ಬರು ಎದ್ದು, ಕಾಯಿಲೆಯಿಲ್ಲದ ಇಷ್ಟು ಜನ ನಿಮಗೆ ಹೇಗೆ ಸಿಕ್ಕರು ಎಂದು ಕೇಳಿದರು. ನಮ್ಮ ಊರಿನವರು ಸಾಲು ಹಚ್ಚಿ ನಿಂತರು ಎಂದೆ. ಸಭೆ ನಕ್ಕಿತು. ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡರೇನೋ.

ಆಮೇಲೆ ಭಾನುವಾರದ ಪಾಠಗಳು ಶುರುವಾದವು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಯಿಂದ ಎಳೆಯ ಡಾಕ್ಟರುಗಳು ಬಸ್ಸು ಹಿಡಿದು ಬರುತ್ತಿದ್ದರು. ಹೃದಯ ನಿಂತವರಿಗೆ ಎದೆ ಒತ್ತುವುದನ್ನು ಹಿರಿಯರು ಹಾಸಿಗೆಯ ಸುರುಳಿಯ ಮೇಲೆ ತೋರಿಸುತ್ತಿದ್ದರು, ಮಿಷನ್ ಹಿಡಿಯುವುದನ್ನು ನಾನು. ಅಂಥ ಒಂದು ಭಾನುವಾರ ತಂಬ್ರಹಳ್ಳಿ ಕಡೆಯ ಆ ಹೆಂಗಸು ಗಂಡನನ್ನು ಕರೆದುಕೊಂಡು ಬಂದಳು. ಮಾತ್ರೆಗಳು ಮುಗಿದು ಬಹಳ ದಿನವಾಗಿತ್ತು. ಮೈ ತುಂಬಿತ್ತು, ಮುಖಕ್ಕೆ ಬಣ್ಣ ಬಂದಿತ್ತು. ಕಲಿಯಲು ಬಂದ ಡಾಕ್ಟರುಗಳ ನಡುವೆ ಸಂಕೋಚವಿಲ್ಲದೆ ಮಲಗಿ, "ತೋರಸ್ರಿ ಅಮ್ಮಾರ, ನಾ ಎಚ್ಚರಿದ್ದು ನೋಡೇ ಇಲ್ಲ" ಎಂದಳು. ಕಪ್ಪು ನೀರು ಎಲ್ಲೂ ಇರಲಿಲ್ಲ. ಸಾಮಾನ್ಯ ಹೃದಯ, ಊರಿನ ಉಳಿದವರದರ ಹಾಗೆಯೇ.

ಅವಳು ಎದ್ದು ಗಂಡನ ಕಡೆ ಕೈ ತೋರಿಸಿದಳು. "ಇವರ್ದೂ ನೋಡ್ರಿ."

ಆತ ಗೋಡೆಗೆ ಅಂಟಿಕೊಂಡ. "ಬ್ಯಾಡ್ರಿ, ನನಗೇನೂ ಆಗಿಲ್ಲ."

"ಏನೂ ಆಗದವ್ರದ ಬೇಕು ಇಲ್ಲಿ" ಎಂದು ಸಿಸ್ಟರ್ ಅವನ ಕಂಬಳಿ ಇಸಿದುಕೊಂಡರು. ಹಡಗಲಿಯ ಎಳೆಯ ಡಾಕ್ಟರು ಹಿಡಿಕೆ ಇಟ್ಟರು. ಪರದೆಯ ಮೇಲೆ ಹೃದಯ ಬಂದಾಗ ಹೆಂಗಸು ಬಗ್ಗಿ, ಬಹಳ ಹೊತ್ತು ನೋಡಿ, ನಮ್ಮೆಲ್ಲರ ಕಡೆ ತಿರುಗಿದಳು.

"ಐತಿ ನೋಡ್ರಿ! ಇಷ್ಟ್ ವರ್ಷ ಆತು, ಈ ಮನಷ್ಯಾಗ ಹೃದಯ ಇಲ್ಲ ಅಂದ್ಕೊಂಡಿದ್ದೆ."

ಹಿರಿಯ ಡಾಕ್ಟರು ಹಾಸಿಗೆಯ ಸುರುಳಿಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಗಂಡನೂ ನಕ್ಕ. ನಕ್ಕಾಗ ಪರದೆಯ ಮೇಲಿನ ಚಿತ್ರ ಕುಣಿದು ಕಲಸಿಹೋಗಿ, ಹಡಗಲಿಯವರು "ಅಲ್ಲಾಡಬ್ಯಾಡ್ರಿ ಯಜಮಾನ್ರ" ಎಂದು ಬೇಡಿಕೊಳ್ಳುತ್ತಲೇ ಇದ್ದರು. ತಂಬ್ರಹಳ್ಳಿಯ ಬಸ್ಸಿಗೆ ಇನ್ನೂ ಸಮಯವಿತ್ತು. ಸಿಸ್ಟರ್ ಎಲ್ಲರಿಗೂ ಚಹಾ ಹೇಳಿ ಬಂದರು. ಗಂಡ ಹೆಂಡತಿ ಇಬ್ಬರೂ ಮಂಚದ ಅಂಚಿನಲ್ಲಿ ಕೂತು, ಬಸಿಯಲ್ಲಿ ಚಹಾ ಸುರಿದುಕೊಂಡು ಊದಿ ಊದಿ ಕುಡಿದರು.